ಮೇಲಿನ ಹಾಲ್ ಬೇಕು, ಕೆಳಗಿನ ದೋಣಿ ಬೇಡ್ವಾ? ನಮ್ಮ ಕನ್ನಡ ಕೂಟಕ್ಕೊಂದು ಬಹಿರಂಗ ಪತ್ರ

ಥೇಮ್ಸ್ ದಡದ ನಮ್ಮ ಊರಿನ ಕನ್ನಡ ಕೂಟದ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಮತ್ತು ಸಮಿತಿಯ ಎಲ್ಲರಿಗೆ,

ಸಪ್ರೇಮ ನಮಸ್ಕಾರ.

ಈ ಪತ್ರವನ್ನು ನಿಮಗಷ್ಟೇ ಕಳಿಸಬಹುದಿತ್ತು. ಎರಡು ಸಲ ಕಳಿಸಿಯೂ ಇದ್ದೆ. ಮೊದಲನೆಯದಕ್ಕೆ "ನೋಡೋಣ ಸಾರ್" ಅಂದ್ರಿ, ಎರಡನೆಯದಕ್ಕೆ ಒಂದು ಹೆಬ್ಬೆರಳಿನ ಚಿತ್ರ ಬಂತು. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಅಥವಾ ಸ್ವಲ್ಪ ಮಾಡಿಕೊಳ್ಳಿ, ಪರವಾಗಿಲ್ಲ.

ಹೋದ ವಾರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ "ದೀಪಾವಳಿಗೆ ಬೋಟ್ ಕ್ಲಬ್ ಹಾಲೇ ಫಿಕ್ಸ್, ಹಳೇ ರೇಟು" ಅಂತ ಮೆಸೇಜ್ ಬಂತು. ಫಿಕ್ಸ್ ಆಗಿಲ್ಲ, ಅಧ್ಯಕ್ಷರೇ. ಅದರ ಹಿಂದಿನ ದಿನ ಸಂಜೆಯೇ ಕ್ಲಬ್ಬಿನ ಸಮಿತಿ ಸೇರಿತ್ತು. ನಮ್ಮ ಕೂಟಕ್ಕೆ ಇನ್ನು ಮುಂದೆ ಹಾಲ್ ಕೊಡಬೇಕೋ ಬೇಡವೋ ಅನ್ನೋದೇ ಅವತ್ತು ಮಾತಾಗಿದ್ದು. ನಾನೂ ಆ ಕೋಣೆಯಲ್ಲಿದ್ದೆ. ಯಾರೂ ಜೋರಾಗಿ ಮಾತಾಡಲಿಲ್ಲ, ಯಾರೂ ಕೆಟ್ಟ ಮಾತೂ ಆಡಲಿಲ್ಲ. ಒಬ್ಬರು ನನ್ನ ಕಡೆ ತಿರುಗಿ, ನಿಮ್ಮವರಿಗೆ ನಾವು ಕೆಳಗಡೆ ಏನು ಮಾಡ್ತೀವಿ ಅಂತ ಗೊತ್ತಾ ಅಂತ ಕೇಳಿದರು, ಅಷ್ಟೇ. ನನಗೆ ಉತ್ತರ ಹೊಳೆಯಲಿಲ್ಲ. ಕೆಳಗೆ ಅವರ ದೋಣಿಮನೆ, ಮೇಲೆ ಹಾಲ್. ಆರು ವರ್ಷದಿಂದ ಆ ಹಾಲಿನಲ್ಲಿ ಯುಗಾದಿ ಮಾಡಿದ್ದೇವೆ, ರಾಜ್ಯೋತ್ಸವ ಮಾಡಿದ್ದೇವೆ, ಗಣೇಶನನ್ನು ಕೂರಿಸಿದ್ದೇವೆ. ಗೊತ್ತಾ ಅಂದ್ರೆ ಏನು ಹೇಳಲಿ?

ನಾನು ಯಾರು ಅಂತ ನಿಮಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೂಟಕ್ಕೆ ಸೇರಿ ಹನ್ನೊಂದು ವರ್ಷ, ಯುಗಾದಿಗೆ ಯಾರ ಮನೆಗೆ ಎಷ್ಟು ಒಬ್ಬಟ್ಟು ಅಂತ ಬರೆದುಕೊಳ್ಳುವವನು ನಾನೇ. ನಾಲ್ಕು ವರ್ಷದಿಂದ ಅದೇ ಕಟ್ಟಡದ ಕೆಳಗಿನ ಅಂತಸ್ತಿಗೂ ಸೇರಿದವನು. ಶುಗರ್ ಜಾಸ್ತಿಯಾಗಿ ಡಾಕ್ಟರ್ ಹತ್ತಿರ ಬೈಸಿಕೊಂಡ ಮೇಲೆ ಅಲ್ಲಿ ದೋಣಿ ನಡೆಸೋದು ಕಲಿಸುವ ಕೋರ್ಸಿಗೆ ಹೆಸರು ಕೊಟ್ಟೆ. ಗಂಗೊಳ್ಳಿ ಕಡೆಯವನು ನಾನು. ಕುಂದಾಪುರಕ್ಕೆ ಹೋಗಬೇಕು ಅಂದ್ರೆ ಕಡವಿಗೆ ಬಂದು ದೋಣಿ ಹತ್ತಿ ಬೆಳೆದವನಿಗೆ ಇವರೇನು ಕಲಿಸ್ತಾರೆ ಅನ್ನೋ ಧಿಮಾಕು ಇತ್ತು. ಮೊದಲ ದಿನವೇ ಇಳಿಯಿತು. ಹುಟ್ಟು ನೀರಿನಲ್ಲಿ ಸಿಕ್ಕಿಕೊಂಡು ಅದರ ಹಿಡಿ ಬಂದು ಹೊಟ್ಟೆಗೆ ಬಡಿದರೆ ಇಲ್ಲಿಯವರು ಅದಕ್ಕೆ ಏಡಿ ಹಿಡಿಯೋದು ಅಂತಾರೆ. ನಮ್ಮ ಕಡೆ ಏಡಿ ಹಿಡಿದರೆ ಸಾರಾದರೂ ಆಗುತ್ತೆ. ಆ ಬೆಳಿಗ್ಗೆ ನಾನು ಆರು ಏಡಿ ಹಿಡಿದೆ, ಪಕ್ಕೆ ನೋವು ಬಿಟ್ಟು ಬೇರೇನೂ ಸಿಗಲಿಲ್ಲ.

ಈಗ ಹೋದ ಜುಲೈ ವಿಷಯಕ್ಕೆ ಬರುತ್ತೇನೆ.

ಜುಲೈ ಎರಡನೇ ಶನಿವಾರ ಕ್ಲಬ್ಬಿನ ರೆಗಟ್ಟಾ, ಅಂದ್ರೆ ದೋಣಿ ಓಟದ ಪಂದ್ಯಗಳು. ವರ್ಷಕ್ಕೆ ಒಂದೇ ದಿನ. ಕೋಟೇಶ್ವರದವರಿಗೆ ಕೊಡಿ ಹಬ್ಬ ಹೇಗೋ ಈ ಕ್ಲಬ್ಬಿಗೆ ಅದು ಹಾಗೆ. ಅವತ್ತು ಸಂಜೆ ಏಳಕ್ಕೆ ಮೇಲಿನ ಹಾಲಿನಲ್ಲಿ ನಮ್ಮ ಅಂತ್ಯಾಕ್ಷರಿ ಇಟ್ಟುಕೊಂಡಿದ್ವಿ. ಆ ದಿನ ಬೇಡ ಅಂತ ಕ್ಲಬ್ಬಿನವರು ಫೆಬ್ರವರಿಯಲ್ಲೇ ಹೇಳಿದ್ದರು. ಬೇರೆ ದಿನ ಗಾಯಕರು ಸಿಗಲ್ಲ ಅಂತ ನಾವು ಕೇಳಿಕೊಂಡ ಮೇಲೆ, ಏಳಕ್ಕೆ ಮುಂಚೆ ಯಾರೂ ಬರಬಾರದು ಅಂತ ಹೇಳಿ ಒಪ್ಪಿದರು. ನಾವು ಬಂದಿದ್ದು ಎರಡೂವರೆಗೆ. ಮೈಕ್ ಟೆಸ್ಟ್ ಮಾಡೋಕೆ, ತೋರಣ ಕಟ್ಟೋಕೆ, ಮಕ್ಕಳ ಡ್ಯಾನ್ಸ್ ಪ್ರಾಕ್ಟೀಸಿಗೆ. ಹದಿನಾಲ್ಕು ಕಾರು. ನಿಲ್ಲಿಸಿದ್ದು ಎಲ್ಲಿ? ದೋಣಿಮನೆಯ ಬಾಗಿಲಿನಿಂದ ನೀರಿಗೆ ಇಳಿಯುವ ಆ ಇಳಿಜಾರಿನ ಮೇಲೆ, ಎರಡು ಸಾಲಾಗಿ.

ಎಂಟು ಜನರ ದೋಣಿ ಅಂದ್ರೆ ಹತ್ತಿರ ಹತ್ತಿರ 18 ಮೀಟರ್ ಉದ್ದ. ಅಂತರರಾಷ್ಟ್ರೀಯ ರೇಸಿಗೆ ಇಳಿಸುವ ದೋಣಿಯ ತೂಕ 96 ಕಿಲೋಗಿಂತ ಕಮ್ಮಿ ಇರಬಾರದು ಅಂತ ನಿಯಮವಿದೆ. ಅದನ್ನು ಎಂಟು ಜನ ಹೆಗಲ ಮೇಲಿಟ್ಟುಕೊಂಡು ಹೊರಗೆ ತಂದು, ಅಂಗಳದಲ್ಲಿ ತಿರುಗಿಸಿ, ನೀರಿನ ತನಕ ನಡೆಯಬೇಕು. ತಿರುಗಿಸೋಕೆ ಜಾಗ ಇಲ್ಲ ಅಂದ್ರೆ ಹೆಗಲ ಮೇಲೆ ಹೊತ್ತುಕೊಂಡು ನಿಂತೇ ಇರಬೇಕು. ಅವತ್ತು ಬೇರೆ ಊರಿಂದ ಬಂದಿದ್ದ ಹದಿನೈದು-ಹದಿನಾರರ ಹುಡುಗಿಯರ ತಂಡ ಹಾಗೇ ನಿಂತಿತ್ತು. ಒಬ್ಬಳ ತೋಳು ನಡುಗುತ್ತಾ ಇದ್ದದ್ದು ನನಗೆ ಕಾಣುತ್ತಿತ್ತು. ಮೈಕಿನಲ್ಲಿ ರೇಸಿನ ಫಲಿತಾಂಶ ಓದುತ್ತಿದ್ದವರು ಅದನ್ನು ಬಿಟ್ಟು ಒಂದೊಂದೇ ಕಾರಿನ ನಂಬರ್ ಓದಲು ಶುರು ಮಾಡಿದರು. ಅದರಲ್ಲಿ ಒಂದು ನನ್ನ ಹೆಂಡತಿಯ ಕಾರು.

ಮುಕ್ಕಾಲು ಗಂಟೆ ರೇಸ್ ನಿಂತಿತು. ಅದೂ ಹೋಗಲಿ. ನಮ್ಮವರೊಬ್ಬರು ಕೈಯಲ್ಲಿ ಕಾಫಿ ಲೋಟ ಹಿಡಿದು ಕೆಳಗೆ ಬಂದು, ನದಿ ಉದ್ದಕ್ಕೂ ನಿಂತಿದ್ದ ಜನರನ್ನು ನೋಡಿ ನನ್ನ ಹತ್ತಿರ ಕೇಳಿದರು, "ಇವತ್ತೇನ್ರೀ ವಿಶೇಷ, ಇಷ್ಟೊಂದು ಜನ?"

ಆರು ವರ್ಷ ಆದ ಮೇಲೆ ಈ ಪ್ರಶ್ನೆ.

ಮಾರನೇ ದಿನ ಭಾನುವಾರ. ಕ್ಲಬ್ಬಿನ ಖಜಾಂಚಿ, ಎಪ್ಪತ್ತು ದಾಟಿದವರು, ಅಡುಗೆಮನೆ ಸಿಂಕಿನ ಕೆಳಗೆ ಅಂಗಾತ ಮಲಗಿ ಪೈಪ್ ಬಿಚ್ಚುತ್ತಿದ್ದರು. ಬೋಂಡಾ ಕರಿದ ಎಣ್ಣೆಯನ್ನು ಯಾರೋ ಬಿಸಿಬಿಸಿಯಾಗಿ ಸಿಂಕಿಗೇ ಸುರಿದಿದ್ದರು. ಅದು ಒಳಗೆ ಹೋಗಿ ಮೇಣದ ಹಾಗೆ ಕಟ್ಟಿಕೊಂಡಿತ್ತು. ನಾನು ಟಾರ್ಚ್ ಹಿಡಿದೆ. ಅವರು ತಂತಿಯಲ್ಲಿ ಕೆದಕಿ ಕೆದಕಿ ಒಂದು ಮುದ್ದೆ ತೆಗೆದರು. ಅದರಿಂದ ಒಂದು ಎಲೆ ಬಿಡಿಸಿ, ಬೆಳಕಿಗೆ ಹಿಡಿದು, ಇದೇನು ಅಂದರು. ಕರಿಬೇವು ಅಂದೆ. ಮೂಸಿ ನೋಡಿ, ಚೆನ್ನಾಗಿದೆಯಲ್ಲ ಅಂದರು. ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

"ಬಾಡಿಗೆ ಕೊಡ್ತೀವಲ್ಲ" ಅಂತ ನೀವು ಹೇಳುತ್ತೀರಿ ಅಂತ ಗೊತ್ತು, ಹೋದ ಸಲ ಹೇಳಿಯೂ ಇದ್ರಿ. ಕೊಡುತ್ತೇವೆ. ಇದೇ ಊರಿನ ಬೇರೆ ಹಾಲಿಗೆ ಕೊಡಬೇಕಾದ್ದರಲ್ಲಿ ಅರ್ಧ ಕೊಡುತ್ತೇವೆ. ಯಾಕೆ ಅರ್ಧ ಅಂತ ಯಾವತ್ತಾದರೂ ಕೇಳಿದ್ದೀವಾ? ಊರಿನ ಸಂಘ-ಸಂಸ್ಥೆಗಳಿಗೆ ಅಂತ ಕ್ಲಬ್ ಇಟ್ಟ ರೇಟು ಅದು. ನಮ್ಮನ್ನು ಊರಿನವರು ಅಂತ ಲೆಕ್ಕ ಹಾಕಿ ಕೊಟ್ಟದ್ದು. ಸಂಬಳಕ್ಕೆ ಅಂತ ಅಲ್ಲಿ ಒಬ್ಬರೂ ಇಲ್ಲ. ಬಾಗಿಲು ತೆಗೆಯೋದು, ಕಕ್ಕಸು ತೊಳೆಯೋದು, ದೋಣಿಯ ನಟ್ಟು ಬಿಗಿಯೋದು, ಮಕ್ಕಳಿಗೆ ಕಲಿಸೋದು ಎಲ್ಲವೂ ಸದಸ್ಯರೇ. ಒಂದು ಹೊಸ ಎಂಟರ ದೋಣಿಗೆ ಒಳ್ಳೆಯ ಕಾರಿನ ದುಡ್ಡು ಬೇಕು. ಅದನ್ನು ಕೇಕ್ ಮಾರಿ, ಲಾಟರಿ ಚೀಟಿ ಮಾರಿ, ಹಾಲ್ ಬಾಡಿಗೆ ಕೂಡಿಟ್ಟು ವರ್ಷಗಟ್ಟಲೆ ಜೋಡಿಸುತ್ತಾರೆ.

2024ರ ಜನವರಿ ನೆನಪಿದೆಯಾ? ಹೆಂಕ್ ಬಿರುಗಾಳಿ ಮಳೆಗೆ ಥೇಮ್ಸ್ ಉಕ್ಕಿ ದಡದ ಊರುಗಳಿಗೆಲ್ಲ ನೀರು ನುಗ್ಗಿತ್ತು. ದೋಣಿಮನೆಯೊಳಗೆ ಸೊಂಟದವರೆಗೆ ನೀರು. ಅದು ಇಳಿದ ಮೇಲೆ ಉಳಿದದ್ದು ಕೆಸರು. ಕೆಸರು ಅಂದ್ರೆ ಗದ್ದೆಯ ಕೆಸರಿನಂಥದ್ದಲ್ಲ, ಚರಂಡಿ ನೀರು ಸೇರಿ ನಾರುವ ಕಪ್ಪು ಗೋಡು. ಎರಡು ಶನಿವಾರ ನಾವು ಹನ್ನೊಂದು ಜನ ಅದನ್ನು ಸಲಿಕೆಯಲ್ಲಿ ಎತ್ತಿ ಹೊರಗೆ ಹಾಕಿದ್ವಿ. ನಾನು ಗ್ರೂಪಿನಲ್ಲಿ ಫೋಟೋ ಹಾಕಿ, ಯಾರಾದರೂ ಒಂದು ಗಂಟೆ ಬನ್ನಿ ಅಂತ ಕೇಳಿದೆ. ನಲವತ್ತಾರು ಜನ ಕೈಮುಗಿಯುವ ಚಿತ್ರ ಕಳಿಸಿದರು. ಎಣಿಸಿದ್ದೇನೆ. ಬಂದವರು ಸೊನ್ನೆ. ಮಾರ್ಚಿನಲ್ಲಿ ಮಾತ್ರ "ಯುಗಾದಿ ಹೊತ್ತಿಗೆ ಹಾಲ್ ರೆಡಿ ಇರುತ್ತಾ?" ಅಂತ ಮೆಸೇಜ್ ಬಂತು. ರೆಡಿ ಇತ್ತು.

ಇನ್ನೊಂದು ಮಾತು ನಮ್ಮ ಔತಣಕೂಟಗಳಲ್ಲಿ ಬಹಳ ಸಲ ಕೇಳಿದ್ದೇನೆ. ಅದೆಲ್ಲ ಬಿಳಿಯರ ಆಟ, ದುಡ್ಡಿದ್ದವರ ಆಟ, ನಮಗ್ಯಾಕೆ ಅಂತ. ಪೂರ್ತಿ ಸುಳ್ಳಲ್ಲ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ದೋಣಿ ಓಟದಲ್ಲಿ ಮೊದಲ ಸಲ 1829ರಲ್ಲಿ ಥೇಮ್ಸ್ ದಡದ ಹೆನ್ಲಿಯಲ್ಲಿ ಸೆಣಸಿದವು. ಅದೇ ಊರಿನಲ್ಲಿ 1839ರಿಂದ ರೆಗಟ್ಟಾ ನಡೆಯುತ್ತಿದೆ. 1879ರಲ್ಲಿ ಅಲ್ಲಿ ಒಂದು ನಿಯಮ ಮಾಡಿದರು: ಕೂಲಿಗೆ ಕೈಕೆಲಸ ಮಾಡುವವನು, ಮೆಕ್ಯಾನಿಕ್, ಕುಶಲಕರ್ಮಿ, ಇಂಥವರು ಯಾರೂ ಅಮೆಚೂರ್ (ಹವ್ಯಾಸಿ ಆಟಗಾರ) ಅಲ್ಲ, ಅವರಿಗೆ ಪ್ರವೇಶವಿಲ್ಲ. ದಿನಾ ಹೊಟ್ಟೆಪಾಡಿಗೆ ಹುಟ್ಟು ಹಾಕುವ ಅಂಬಿಗನ ಕೈಗೆ ರೇಸಿನಲ್ಲಿ ಹುಟ್ಟು ಕೊಡುವ ಹಾಗಿಲ್ಲ! ನಮ್ಮ ಊರಿನ ಮಡಿ-ಮೈಲಿಗೆಗೆ ಏನು ಕಮ್ಮಿ ಇದು? 1936ರಲ್ಲಿ ಆಸ್ಟ್ರೇಲಿಯಾದ ಒಲಿಂಪಿಕ್ ತಂಡವನ್ನೇ ಇವರೆಲ್ಲ ಪೊಲೀಸರು ಅಂತ ಹೆನ್ಲಿಯಿಂದ ಹೊರಗಿಟ್ಟರು. ಅದರ ಮರುವರ್ಷ, 1937ರಲ್ಲಿ ಆ ನಿಯಮ ತೆಗೆಯಲು ಒಪ್ಪಿದರು.

ಆದರೆ ಇದೇ ನದಿಗೆ ಇನ್ನೊಂದು ಕಡೆಯೂ ಇದೆ. ಫ್ರೆಡೆರಿಕ್ ಫರ್ನಿವಾಲ್ ಅಂತ ಒಬ್ಬ ವಿದ್ವಾಂಸ, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಶುರುವಿನ ಸಂಪಾದಕರಲ್ಲೊಬ್ಬ, ಈ ನಿಯಮ ಕಂಡರೆ ಉರಿದುಬೀಳುತ್ತಿದ್ದ. ಕೂಲಿಯವರಿಗೂ ಜಾಗ ಇರಬೇಕು ಅಂತ 1890ರಲ್ಲಿ ಬೇರೆಯದೇ ಸಂಘ ಕಟ್ಟಲು ನಿಂತ. 1896ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಹುಡುಗಿಯರಿಗಾಗಿಯೇ ಒಂದು ಕ್ಲಬ್ ಶುರು ಮಾಡಿದ. ಟೀ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರನ್ನು ಕರೆತಂದು ಹುಟ್ಟು ಕೈಗೆ ಕೊಟ್ಟ. ಆ ಕ್ಲಬ್ ಅವನ ಹೆಸರಿನಲ್ಲೇ ಇವತ್ತಿಗೂ ಇದೆ.

ಅಂದಹಾಗೆ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದಲ್ಲೇ ನಮ್ಮ ಬಸವಣ್ಣನ ಪ್ರತಿಮೆ ಇದೆಯಲ್ಲ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಬೆಂಗಳೂರಿನಿಂದ ಯಾರು ಬಂದರೂ ನಾವು ಕರೆದುಕೊಂಡು ಹೋಗಿ ಫೋಟೋ ತೆಗೆಸುತ್ತೇವೆ. ಕಾಯಕದ ಬಗ್ಗೆ ಎರಡು ಮಾತು ಹೇಳುತ್ತೇವೆ. ಅದೇ ನದಿಯ ದಡದಲ್ಲಿ ಸಲಿಕೆ ಹಿಡಿಯಲು ಕರೆದರೆ ನಾವು ಕೈಮುಗಿಯುವ ಚಿತ್ರ ಕಳಿಸುತ್ತೇವೆ. ಇದನ್ನು ಹೀಗೆ ಹೇಳಿದ್ದು ಜಾಸ್ತಿ ಆಯ್ತೇನೋ. ಇರಲಿ.

ಆ ರೆಗಟ್ಟಾ ದಿನ ಹೇಗಿರುತ್ತೆ ಅಂತ ನೀವು ಯಾರೂ ನೋಡಿಲ್ಲ, ಅದನ್ನಾದರೂ ಹೇಳುತ್ತೇನೆ. ಬೆಳಿಗ್ಗೆ ಐದೂವರೆಗೆ ಬಂದು ನೀರಿನಲ್ಲಿ ಬೋಯ್, ಅಂದ್ರೆ ತೇಲುವ ಗುರುತು, ಕಟ್ಟುತ್ತಾರೆ. ಅರ್ಧ ಕಿಲೋಮೀಟರ್ ಓಟ, ಎರಡು ನಿಮಿಷದೊಳಗೆ ಮುಗಿದುಹೋಗುತ್ತೆ. ಎಂಟು ಜನ ಹಿಂದೆ ನೋಡುತ್ತಾ ಮುಂದೆ ಹೋಗುವ ಆಟ ಇದು. ಎದುರಿಗೆ ಏನಿದೆ ಅಂತ ಕಾಣೋದು ಕಾಕ್ಸ್ ಒಬ್ಬರಿಗೇ. ಚುಕ್ಕಾಣಿ ಹಿಡಿದು, ಕೂಗಿ ಕೂಗಿ ಲಯ ಹೇಳುವವರು. ನನ್ನ ಮಗಳು, ಹದಿಮೂರು ವರ್ಷದವಳು, ನಮ್ಮ ದೋಣಿಯ ಕಾಕ್ಸ್. ಮನೆಯಲ್ಲಿ ತಟ್ಟೆ ಎತ್ತು ಅಂದ್ರೆ ಕೇಳಿಸದವಳು ಅಲ್ಲಿ ಎಂಟು ಗಂಡಸರಿಗೆ ಬೈಯುತ್ತಾಳೆ, ಅಪ್ಪ ಅಂತಲೂ ನೋಡಲ್ಲ.

ಮಧ್ಯಾಹ್ನ ಎಲ್ಲರ ಹೆಸರನ್ನೂ ಚೀಟಿ ಬರೆದು ಟೋಪಿಯಲ್ಲಿ ಹಾಕಿ ಎತ್ತುತ್ತಾರೆ. ನಾಲ್ಕು ನಾಲ್ಕು ಜನರ ತಂಡ, ಯಾರ ಜೊತೆ ಯಾರು ಬರುತ್ತಾರೋ ಗೊತ್ತಿಲ್ಲ. ಹೋದ ವರ್ಷ ನನಗೆ ಸಿಕ್ಕಿದ್ದು ಒಬ್ಬ ನಿವೃತ್ತ ಪ್ಲಂಬರ್, ಒಬ್ಬಳು ಕಾಲೇಜು ಹುಡುಗಿ, ಮತ್ತೆ ನನ್ನ ಶುಗರ್ ನೋಡಿ ಬೈದಿದ್ದ ಅದೇ ಡಾಕ್ಟರ್. ಕೊನೆಯವರಾಗಿ ಬಂದ್ವಿ. ಡಾಕ್ಟರ್ ಏಡಿ ಹಿಡಿದರು. ನನಗಾದ ಸಂತೋಷ ಹೇಳತೀರದು.

ಆಮೇಲೆ ಹೊಸ ದೋಣಿಗೆ ಹೆಸರಿಡುವುದು. ಮೂರು ವರ್ಷ ದುಡ್ಡು ಕೂಡಿಟ್ಟು ತಂದ ದೋಣಿ. ಅದನ್ನು ಹುಲ್ಲಿನ ಮೇಲೆ ಸ್ಟ್ಯಾಂಡಿನಲ್ಲಿ ಇಟ್ಟು ಬಟ್ಟೆ ಮುಚ್ಚಿದ್ದರು. ನಲವತ್ತು ವರ್ಷ ಕ್ಲಬ್ಬಿನಲ್ಲಿ ಎಲ್ಲರಿಗೂ ಟೀ ಮಾಡಿಕೊಟ್ಟ ಅಜ್ಜಿಯ ಹೆಸರೇ ದೋಣಿಗೆ. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಅವರು ಮೂತಿಯ ಮೇಲೆ ಶಾಂಪೇನ್ ಸುರಿದು, ಅಂಗೈಯಿಂದ ಒಂದು ಸಲ ದೋಣಿಯನ್ನು ಸವರಿದರು. ನಮ್ಮ ಆಯುಧ ಪೂಜೆಯಲ್ಲಿ ಗಾಡಿಗೆ ಕುಂಕುಮ ಹಚ್ಚಿದ ಮೇಲೆ ಅಮ್ಮ ಹಾಗೇ ಸವರುತ್ತಿದ್ದಳು. ಸರಿಯಾಗಿ ಆಗಲೇ ಮೇಲಿಂದ ನಮ್ಮ "ಹಲೋ ಮೈಕ್ ಟೆಸ್ಟಿಂಗ್" ಶುರುವಾಯಿತು.

ಗೆದ್ದ ತಂಡ ಕಾಕ್ಸನ್ನು ಎತ್ತಿ ನೀರಿಗೆ ಎಸೆಯುವುದು ಇಲ್ಲಿಯ ಹಳೇ ಪದ್ಧತಿ. ಈಗ ಅದೂ ಇಲ್ಲ. 2024ರಲ್ಲಿ ಆಕ್ಸ್‌ಫರ್ಡ್-ಕೇಂಬ್ರಿಜ್ ರೇಸಿಗೆ ಮುಂಚೆ ನೀರಿನಲ್ಲಿ ಇ. ಕೋಲಿ ಅನ್ನೋ ಕೊಳಚೆಯ ಬ್ಯಾಕ್ಟೀರಿಯಾ ಜಾಸ್ತಿ ಇದೆ ಅಂತ ಪರೀಕ್ಷೆಯಲ್ಲಿ ಬಂದು, ಗೆದ್ದವರೂ ನೀರಿಗೆ ಇಳಿಯಬೇಡಿ ಅಂತ ಹೇಳಿದ್ದು ನೀವೂ ಸುದ್ದಿಯಲ್ಲಿ ನೋಡಿರಬಹುದು. ನದಿಗೆ ಕೊಳಚೆ ಬಿಡುವುದರ ವಿರುದ್ಧ ಕ್ಲಬ್ಬಿನವರು ಸಹಿ ಸಂಗ್ರಹ ಮಾಡುತ್ತಿದ್ದಾರೆ. ಆ ಹಾಳೆ ಆರು ತಿಂಗಳಿಂದ ಹಾಲಿನ ಬಾಗಿಲ ಪಕ್ಕದಲ್ಲೇ ಇದೆ, ನಾವು ಚಪ್ಪಲಿ ಬಿಡುವ ಜಾಗದ ಮೇಲೆ. ನಾನು, ನನ್ನ ಹೆಂಡತಿ ಬಿಟ್ಟರೆ ಕನ್ನಡದವರ ಸಹಿ ಕಾಣಲಿಲ್ಲ.

ತಪ್ಪೆಲ್ಲ ನಮ್ಮದೇ ಅಂತ ನಾನು ಹೇಳುತ್ತಿಲ್ಲ. ಕ್ಲಬ್ಬಿನವರೂ ನಮ್ಮನ್ನು ಕೂರಿಸಿ ಕರೆದವರಲ್ಲ. ಬೋರ್ಡಿಗೆ ಒಂದು ಕಾಗದ ಅಂಟಿಸಿ ಕರೆದಂತಾಯ್ತು ಅಂದುಕೊಳ್ಳುತ್ತಾರೆ. ಊಟಕ್ಕೆ ಹಂದಿಮಾಂಸದ ಬನ್ನು, ಸಸ್ಯಾಹಾರಿಗೆ ಒಣಗಿದ ಚೀಸ್ ಸ್ಯಾಂಡ್‌ವಿಚ್, ಕುಡಿಯದವರಿಗೆ ನಿಂಬೆ ಶರಬತ್ತಿನ ಹೆಸರಲ್ಲಿ ಸಕ್ಕರೆ ನೀರು. ಹಳೇ ಸದಸ್ಯರೊಬ್ಬರು ನಮ್ಮನ್ನು "ಮೇಲಿನ ಕರಿಯವರು" ಅಂತಾರೆ. ಅವರು ಅನ್ನೋದು ಇಂಗ್ಲಿಷಿನ ಕರಿ, ಅಂದ್ರೆ ಸಾಂಬಾರಂತೆ, ಕಪ್ಪು ಅಂತ ಅಲ್ಲವಂತೆ, ಆದರೂ ಕೇಳಿದಾಗ ಚುಚ್ಚುತ್ತೆ. ಅದನ್ನು ಸಮಿತಿಯಲ್ಲಿ ಎತ್ತಿದ್ದೇನೆ, ಅವರು ಕ್ಷಮೆಯನ್ನೂ ಕೇಳಿದರು. ನನ್ನದೂ ತಪ್ಪಿದೆ. ಕೆಳಗೆ ದೋಣಿಯವನು, ಮೇಲೆ ಕನ್ನಡದವನು ಅಂತ ನಾಲ್ಕು ವರ್ಷ ಎರಡು ಕಡೆಗೂ ಎರಡು ಮುಖ ಇಟ್ಟುಕೊಂಡು ಸುಮ್ನೆ ಮೆಟ್ಟಿಲು ಹತ್ತಿ ಇಳಿದೆ. ಕಾರು ತೆಗೆಯಿರಿ ಅಂತ ಮೈಕಿನಲ್ಲಿ ನಂಬರ್ ಓದುವಾಗ ಒಂದು ಕ್ಷಣ ಗೊತ್ತಿಲ್ಲದವನ ಹಾಗೆ ನದಿ ನೋಡುತ್ತಾ ನಿಂತಿದ್ದೆ. ನಾಚಿಕೆಯಾಗುತ್ತೆ.

ಈಗ ನನ್ನ ಕೋರಿಕೆಗಳು. ಮೊದಲು, ಈ ಜುಲೈ ಎರಡನೇ ಶನಿವಾರ ಕೂಟದ ಯಾವ ಕಾರ್ಯಕ್ರಮವೂ ಬೇಡ, ಯಾವ ಹಾಲಿನಲ್ಲೂ ಬೇಡ. ಅವತ್ತಿಗೆ ನಮ್ಮಿಂದ ಹತ್ತು ಜನ ಬೇಕು: ಪಾರ್ಕಿಂಗ್ ನೋಡಿಕೊಳ್ಳಲು ನಾಲ್ಕು, ಟೀ ಮೇಜಿಗೆ ಮೂರು, ಬೆಳಿಗ್ಗೆ ಡೇರೆ ಕಟ್ಟಲು ಗಟ್ಟಿ ಕೈಯವರು ಮೂರು. ಪಾರ್ಕಿಂಗಿಗೆ ನಮ್ಮವರೇ ನಿಲ್ಲಲಿ, ಅದರಲ್ಲೊಂದು ನ್ಯಾಯ ಇದೆ. ಒಂದು ತಿಂಡಿ ಅಂಗಡಿ ನಾವೇ ಇಡೋಣ. ಚುರುಮುರಿ, ಗೋಳಿಬಜೆ, ಬೆಲ್ಲದ ಪಾನಕ, ಬಂದ ದುಡ್ಡು ಪೂರ್ತಿ ದೋಣಿ ನಿಧಿಗೆ. ಎಣ್ಣೆಯನ್ನು ಡಬ್ಬಿಯಲ್ಲಿ ಮನೆಗೆ ತರುವ ಹೊಣೆ ನನ್ನದು. ನಮ್ಮ ಮಕ್ಕಳನ್ನು ಬೇಸಿಗೆ ರಜದ ಕೋರ್ಸಿಗೆ ಕಳಿಸಿ. ಕೋಡಿಂಗ್ ಕ್ಲಾಸಿಗಿಂತ ಕಮ್ಮಿ ದುಡ್ಡು, ಆದರೆ ಈಜು ಮೊದಲು ಬರಬೇಕು. ಹಾಗೇ ಕೂಟದ ಪರವಾಗಿ ಒಂದು ಕ್ಷಮಾಪಣೆ ಪತ್ರ ಹೋಗಬೇಕು. ವಾಟ್ಸಾಪ್‌ನಲ್ಲಿ ಅಲ್ಲ. ಅಧ್ಯಕ್ಷರು ಖುದ್ದಾಗಿ ಕೊಡಬೇಕು, ಆ ಖಜಾಂಚಿಯ ಕೈಗೆ.

ಹಾಲ್ ಕೊಡಲಿ ಅಂತ ಇದನ್ನೆಲ್ಲ ಮಾಡೋದಾ ಅಂತ ಯಾರಾದರೂ ಕೇಳಬಹುದು. ಹೌದು, ಅದಕ್ಕೂ ಹೌದು. ನನಗೂ ದೀಪಾವಳಿ ಅಲ್ಲೇ ಆಗಬೇಕು. ಕಿಟಕಿಯ ಸಾಲಿನಲ್ಲಿ ದೀಪ ಇಟ್ಟರೆ ನೀರಿನಲ್ಲಿ ಕಾಣುವುದು ಈ ಊರಿನ ಬೇರೆ ಯಾವ ಹಾಲಿನಲ್ಲೂ ಇಲ್ಲ.

ಕ್ಲಬ್ಬಿನ ಸಮಿತಿ ಮುಂದಿನ ತಿಂಗಳು ಮೊದಲ ಮಂಗಳವಾರ ಮತ್ತೆ ಸೇರುತ್ತೆ. ಅದಕ್ಕೆ ಮುಂಚೆ, ಈ ಶನಿವಾರ, ದೋಣಿಮನೆ ತೊಳೆಯುವ ಕೆಲಸ ಇದೆ. ಏಳಕ್ಕೆ ಗೇಟು ತೆಗೆಯುತ್ತೇನೆ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಕಾರು ಮೇಲಿನ ರಸ್ತೆಯಲ್ಲಿ ನಿಲ್ಲಿಸಿ. ಹಾಗೇ ಹೋದ ಯುಗಾದಿಯ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ಕ್ಲಬ್ಬಿನ ಅಡುಗೆಮನೆಯಲ್ಲೇ ಇದೆ, ಯಾರೋ ತೊಳೆದು ಮಗುಚಿ ಇಟ್ಟಿದ್ದಾರೆ. ಯಾರದ್ದು ಅಂತ ಗೊತ್ತಾದರೆ ಅವರೂ ಬರಲಿ.

ಇಂತಿ ನಿಮ್ಮವನೇ,
ಯುಗಾದಿಗೆ ಒಬ್ಬಟ್ಟಿನ ಲೆಕ್ಕ ಬರೆಯುವವನು